ತಾರ್ಲೆಗೊಂದು ಪಾಲು

ನಾಯಿಯನ್ನು ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಂದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಬೇರೆ ಯಾರೋ ನಿಮ್ಮ ಕಿವಿಗೆ ಹಾಕುವುದು, ನೀವು ‘ಛೇ, ಇವರಾ?’ ಎನ್ನುವುದು, ನಾನು ತಲೆ ಕೆರೆದುಕೊಳ್ಳುವುದು, ಇದೆಲ್ಲ ಯಾಕೆ? ನಾನು ಕುಮಟೆಯ ಸರಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕ ವಿಭಾಗದ ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು, ಇಷ್ಟೇ ನನ್ನ ಉದ್ಯೋಗ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕಾಗದವನ್ನು ಕಳೆದವನಲ್ಲ. ಆದರೆ ಒಂದು ನಾಯಿಯನ್ನು ಕಳೆಯಲು ಹೋಗಿ ಸೋತೆ. ಸೋತದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಬೇಸರವಿರುವುದು ಹೋದದ್ದಕ್ಕೆ.

ಹಾಗೆಂದು ಇದು ನಾನೊಬ್ಬನೇ ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮ ಕರಾವಳಿಯಲ್ಲಿ ನಾಲ್ಕು ಹೆಜ್ಜೆಗೊಂದು ಹೊಳೆ. ಬೇಡವಾದ ನಾಯಿಯನ್ನೋ ಬೆಕ್ಕನ್ನೋ ಕೊಲ್ಲಲು ಮನಸ್ಸಿಲ್ಲ, ಸಾಕಲು ಇಷ್ಟವಿಲ್ಲ ಎಂದಾಗ ಆಚೆ ದಡಕ್ಕೆ ಬಿಟ್ಟುಬರುವುದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಅದಕ್ಕೊಂದು ಶಾಸ್ತ್ರವೇ ಇದೆ. ನಾಯಿ ಹಾದಿಯನ್ನು ಮೂಸಿ ನೆನಪಿಟ್ಟುಕೊಳ್ಳುತ್ತದೆ, ನೀರಿನ ಮೇಲೆ ವಾಸನೆ ನಿಲ್ಲುವುದಿಲ್ಲ, ಆದ್ದರಿಂದ ಹೊಳೆ ದಾಟಿದ ನಾಯಿ ತಿರುಗಿ ಬರುವುದಿಲ್ಲ. ಹೊರಡುವ ಮೊದಲು ಅದಕ್ಕೆ ಹೊಟ್ಟೆ ತುಂಬ ಅನ್ನ ಹಾಕಬೇಕು. ಏನೂ ಕಾಣದಂತೆ ಚೀಲದ ಬಾಯಿ ಕಟ್ಟಬೇಕು, ಉಸಿರಾಡುವಷ್ಟು ತೂತು ಬಿಡಬೇಕು. ಆಚೆ ದಡದಲ್ಲಿ ಬಿಚ್ಚಿದ ಮೇಲೆ ಹಿಂತಿರುಗಿ ನೋಡಬಾರದು. ಈ ಕೊನೆಯ ನಿಯಮವನ್ನು ನಾಯಿಗಾಗಿ ಮಾಡಿದ್ದಲ್ಲ, ಮನುಷ್ಯರಿಗಾಗಿ ಮಾಡಿದ್ದು ಎಂಬುದು ನನಗೆ ತಡವಾಗಿ ಹೊಳೆಯಿತು.

ಕುಮಟೆಗೆ ಬರುವ ಮೊದಲು ನಾನು ಹೊನ್ನಾವರದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿಯೂ ಶರಾವತಿಯ ಈಚೆಯವರು ಆಚೆಗೆ, ಆಚೆಯವರು ಈಚೆಗೆ ನಾಯಿ ದಾಟಿಸಿದ ಕತೆಗಳನ್ನು ಬೇಕಷ್ಟು ಕೇಳಿದ್ದೇನೆ. ಸೇತುವೆ ಆದ ಮೇಲೆ ಶಾಸ್ತ್ರ ಕೆಟ್ಟುಹೋಯಿತು ಎಂದು ನಮ್ಮ ಕಚೇರಿಯ ಮುದಿ ಜವಾನರೊಬ್ಬರು ನಿಜವಾಗಿಯೂ ಮರುಗುತ್ತಿದ್ದರು. ಸೇತುವೆಯ ಮೇಲೆ ವಾಸನೆ ನಿಲ್ಲುತ್ತದಲ್ಲ! ಅಲ್ಲಿಂದ ಭಟ್ಕಳಕ್ಕೆ ವರ್ಗವಾಯಿತು. ನನಗೆ ಬಾಡಿಗೆಗೆ ಮನೆ ಕೊಟ್ಟ ಸಾಹೇಬರು ದುಬೈಯಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು, ಬಲು ಗಟ್ಟಿ ಮನಸ್ಸಿನವರೆಂದು ಹೆಸರು. ಅವರ ಅಡುಗೆಮನೆಗೆ ದಾಳಿಯಿಡುತ್ತಿದ್ದ ಒಂದು ಗಂಡು ಬೆಕ್ಕನ್ನು ಒಂದು ದಿನ ಅವರೇ ಹಿಡಿದು, ರಿಕ್ಷಾದಲ್ಲಿ ಹೆಬಳೆಗೆ ಒಯ್ದು ಬಿಟ್ಟು ಬಂದರು. ಮುಂದಿನ ಶುಕ್ರವಾರ ನಮಾಜು ಮುಗಿಸಿ ಅವರು ಹೆಬಳೆಗೆ ಹೋದರು. ಯಾಕೆಂದು ಕೇಳಿದರೆ, ಒಬ್ಬರನ್ನು ನೋಡುವುದಿತ್ತು ಎಂದರು. ಅದರ ಮುಂದಿನ ಶುಕ್ರವಾರವೂ ನೋಡುವುದಿತ್ತು. ಮೂರನೆಯ ಶುಕ್ರವಾರ ಬೆಕ್ಕನ್ನು ಬಗಲಲ್ಲಿಟ್ಟುಕೊಂಡು ರಿಕ್ಷಾದಿಂದ ಇಳಿದು, “ಹೆಬಳೆಯ ಹವೆ ಇದಕ್ಕೆ ಹಿಡಿಸ್ಲಿಲ್ಲ” ಎಂದು ನನ್ನ ಮುಖ ನೋಡದೆ ಒಳಗೆ ಹೋದರು. ಹೆಬಳೆ ಅವರ ಮನೆಯಿಂದ ಕೂಗಳತೆಯಲ್ಲಿದೆ ಅಂದರೂ ತಪ್ಪಿಲ್ಲ. ಆಗ ನಾನು ನಕ್ಕಿದ್ದೆ. ಈಗ ಅವರ ಕಾಲು ಮುಟ್ಟಿ ನಮಸ್ಕರಿಸಬೇಕು ಅನ್ನಿಸುತ್ತದೆ.

ಈಗ ನನ್ನ ಊರಿಗೆ, ಬಾಡಕ್ಕೆ ಬನ್ನಿ. ನಮ್ಮದು ಮೀನುಗಾರರ ಮನೆ. ನಾನು ಪೆನ್ನು ಹಿಡಿದದ್ದರಿಂದ ನಮ್ಮ ವಂಶದಲ್ಲಿ ಬಲೆಯ ಹಗ್ಗ ಹಿಡಿಯುವ ಗಂಡಸರ ಸಾಲು ನನ್ನಲ್ಲಿಗೆ ನಿಂತಿತು. ಮದುವೆ ಆಗಲಿಲ್ಲ. ಮನೆಯಲ್ಲಿ ನನ್ನ ತಂಗಿ ಸವಿತಾ, ಅವಳ ಮಗಳು ಪೂರ್ವಿ, ನಾನು. ಭಾವ ಮಲ್ಪೆಯ ಬೋಟಿನಲ್ಲಿರುವವರು, ಹಬ್ಬಕ್ಕೊಮ್ಮೆ ಬರುತ್ತಾರೆ. ತಂಗಿ ಮೀನು ಒಣಗಿಸಿ ಮಾರುತ್ತಾಳೆ. ಪೂರ್ವಿ ನಾಲ್ಕನೆಯ ಇಯತ್ತೆ. ಹಟದಲ್ಲಿ ಮಾತ್ರ ಅವಳು ಯಾವ ಇಯತ್ತೆ ಎಂದು ಹೇಳುವ ಧೈರ್ಯ ನನಗಿಲ್ಲ.

ಮಳೆಗಾಲ ಕಳೆದು ಬೀಚಿಗೆ ಜನ ಬರತೊಡಗಿದ ದಿನಗಳು. ಒಂದು ಬಿಳಿ ಕಾರು ಕಡಲ ಕಡೆಗೆ ತಿರುಗುವ ಮೂಲೆಯಲ್ಲಿ ನಿಂತಿತಂತೆ. ಹಿಂದಿನ ಬಾಗಿಲು ತೆರೆಯಿತಂತೆ. ಒಂದು ನಾಯಿ ಇಳಿಯಿತು. ಅದರ ಹಿಂದೆಯೇ ಒಂದು ಬಿಸ್ಕಿಟು ಪುಡಿಕೆ ಇಳಿಯಿತು. ಬಾಗಿಲು ಮುಚ್ಚಿಕೊಂಡಿತು. ಚಾ ಅಂಗಡಿಯಲ್ಲಿ ಕೂತಿದ್ದ ನಾಲ್ಕು ಜನ ಕಣ್ಣಾರೆ ನೋಡಿದ್ದು ಇಷ್ಟು. ಆ ಪುಡಿಕೆಯನ್ನು ಒಡೆದು, ನಾಯಿಗೆ ಕಷ್ಟವಾಗದಂತೆ ಬಾಯಿ ಅಗಲ ಮಾಡಿ ಇಟ್ಟಿದ್ದರಂತೆ. ಏನು ಕರುಣೆ! ನನಗೆ ಮೈ ಉರಿದುಹೋಯಿತು. ಹಾಳಾದವರು ಎಂದು ಎರಡು ದಿನ ಸಿಕ್ಕಸಿಕ್ಕವರೆದುರು ಬೈದೆ. ಹೊಳೆ ದಾಟಿಸುವ ಮೊದಲು ನಾವು ಹಾಕುವ ಅನ್ನಕ್ಕೂ ಆ ಬಿಸ್ಕಿಟಿಗೂ ಏನು ವ್ಯತ್ಯಾಸ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬಾಯಿ ಮುಚ್ಚುತ್ತಿದ್ದೆ.

ಮಧ್ಯಮ ಗಾತ್ರದ ನಾಯಿ, ಬಿಳಿ ಮೈ, ಕಂದು ಕಿವಿ. ಕುತ್ತಿಗೆಯಲ್ಲಿ ಪಟ್ಟಿ ಇದ್ದ ಜಾಗದಲ್ಲಿ ಕೂದಲು ಸವೆದ ಗುರುತು. ಪಟ್ಟಿಯನ್ನು ಮಾತ್ರ ಮರೆಯದೆ ಬಿಚ್ಚಿಕೊಂಡು ಹೋಗಿದ್ದರು. ಅದು ಆ ಮೂಲೆಯಲ್ಲೇ ರಸ್ತೆಗೆ ಮುಖ ಮಾಡಿ ಕೂತಿತು. ಬಿಳಿ ಕಾರು ಬಂದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಓಡುವುದು, ಕಾರು ಮುಂದೆ ಹೋದ ಮೇಲೆ ವಾಪಸು ಬಂದು ಅದೇ ಜಾಗದಲ್ಲಿ ಕೂರುವುದು. ನಮ್ಮ ದೇಶದಲ್ಲಿ ಬಿಳಿ ಕಾರಿಗೇನು ಬರವೇ? ಪಾಪ, ಅದಕ್ಕೆ ದಿನವಿಡೀ ಪುರಸೊತ್ತಿರಲಿಲ್ಲ. ಬಿಸ್ಕಿಟನ್ನು ಅದು ಮುಟ್ಟಲಿಲ್ಲ, ಕಾಗೆ ತಿಂದವು.

ಶಾಲೆಗೆ ಹೋಗುವ ಹಾದಿಯಲ್ಲಿ ಪೂರ್ವಿ ಅದಕ್ಕೆ ಮನೆಯಿಂದ ಕದ್ದೊಯ್ದ ಹುರಿದ ತಾರ್ಲೆ ಮೀನು ಇಟ್ಟಳು. ಅದನ್ನು ತಿಂದಿತು. ತಾರ್ಲೆ ಎಂದರೆ ನಮ್ಮ ಕಡಲಿನ ಅತಿ ಬಡ ಮೀನು, ದೊಡ್ಡವರ ಮನೆಯ ನೆಂಟರೂಟಕ್ಕೆ ಅದನ್ನು ಬಡಿಸುವುದಿಲ್ಲ. ನಾಯಿಗೆ ತಾರ್ಲೆ ಎಂದೇ ಹೆಸರಾಯಿತು. ನಾಲ್ಕನೆಯ ಸಂಜೆ ನಾನು ಸ್ಕೂಟರಿನಲ್ಲಿ ಕಚೇರಿಯಿಂದ ಬರುವಾಗ ಪೂರ್ವಿ ಅದರೆದುರು ಕುಕ್ಕುರುಗಾಲಲ್ಲಿ ಕೂತು ಮಾತಾಡುತ್ತಿದ್ದಳು. ನಾನು ಗಾಡಿ ನಿಲ್ಲಿಸಿದೆ.

“ಅವ್ರು ಬರೂದಿಲ್ಲ,” ಎನ್ನುತ್ತಿದ್ದಳು. “ಬರೂದಾಗಿದ್ರೆ ಬಿಡ್ತಿರ್ಲಿಲ್ಲ. ನೀ ಎಷ್ಟ್ ದಿನ ಕೂತ್ರೂ ಅಷ್ಟೇ. ಏಳು, ಮನೆಗೆ ಹೋಗ್ವ.”

ನಾವು ದೊಡ್ಡವರಾಗಿದ್ದರೆ ‘ಬರ್ತಾರೆ, ಬರ್ತಾರೆ’ ಎಂದು ಬೆನ್ನು ಸವರಿ ನಮ್ಮ ಪಾಡಿಗೆ ನಾವು ಹೋಗುತ್ತಿದ್ದೆವು. ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಿ, ಹೇಳಿದವರೇ ಮನೆಗೆ ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿ ಇಲ್ಲ. ನಾಯಿ ಎದ್ದಿತು. ಅವಳ ಹಿಂದೆ ನಡೆಯಿತು. ಒಂದು ಬಿಳಿ ಕಾರು ಎದುರಿಗೇ ಹಾದುಹೋಯಿತು. ತಾರ್ಲೆ ತಿರುಗಿ ನೋಡಿತು, ಓಡಲಿಲ್ಲ.

ಮನೆಗೆ ಬಂದ ನಾಯಿಗೆ ಯಾವ ಭಾಷೆ ಬರುತ್ತದೆ ಎಂಬ ಸಂಶೋಧನೆಯನ್ನು ನಾನೇ ಕೈಗೆತ್ತಿಕೊಂಡೆ. ಕನ್ನಡದಲ್ಲಿ ಕೂರು ಎಂದೆ, ಆಕಳಿಸಿತು. ಕೊಂಕಣಿಯಲ್ಲಿ ‘ಬಸ್’ ಎಂದೆ, ಕಿವಿ ಕೆರೆದುಕೊಂಡಿತು. ಭಟ್ಕಳದಲ್ಲಿ ಕಲಿತ ಉರ್ದುವನ್ನೂ ಅದರೆದುರು ಖರ್ಚು ಮಾಡಿದೆ. ಕೊನೆಗೆ ‘ಸಿಟ್’ ಎಂದದ್ದೇ ತಡ, ಮುಂಗಾಲು ಜೋಡಿಸಿ ಕೂತಿತು. ಇಂಗ್ಲಿಷ್ ಮೀಡಿಯಂ! ಪೂರ್ವಿಗೆ ಮಾತ್ರ ಯಾವ ಭಾಷೆಯೂ ಬೇಕಾಗಲಿಲ್ಲ. ಅವಳು ಹಳೆಯ ಟವೆಲೊಂದರ ತುದಿಯನ್ನು ಅದರ ಬಾಯಿಗೆ ಕೊಡುವುದು, ಇನ್ನೊಂದು ತುದಿಯನ್ನು ತಾನು ಹಿಡಿದು ಜಗ್ಗುವುದು, ಅದು ಗುರ್ ಗುರ್ ಎನ್ನುತ್ತ ಹಿಂದೆ ಹಿಂದೆ ಸರಿಯುವುದು, ಇದು ಅವರಿಬ್ಬರ ಸಂಜೆಯ ಆಟವಾಯಿತು. ಆ ಹಿಡಿತವೆಂದರೆ ಹಿಡಿತ. ಒಮ್ಮೆ ನಾನೂ ಜಗ್ಗಿ ನೋಡಿ ಅಂಗಳದಲ್ಲಿ ಮುಗ್ಗರಿಸಿದೆ.

ಸವಿತಾಳ ತಕರಾರಿಗೆ ಕಾರಣ ಇತ್ತು ಎಂಬುದನ್ನು ನಾನು ಒಪ್ಪಲೇಬೇಕು. ಮೀನು ಒಣಗಿಸುವ ಅಂಗಳಕ್ಕೆ ನಾಯಿ ಬರುವುದೆಂದರೆ ಸುಮ್ಮನೆ ಮಾತಲ್ಲ. ನಾಯಿ ಮೂಸಿದ ಮೀನನ್ನು ಯಾರೂ ಕೊಳ್ಳುವುದಿಲ್ಲ. ಒಂದು ಬೆಳಿಗ್ಗೆ ಬಲೆಯ ಮೇಲೆ ಹರವಿದ್ದ ಬಂಗಡೆಯ ಒಂದು ಸಾಲೇ ಕಾಣೆಯಾಗಿತ್ತು.

“ಇನ್ನ್ ಯಾರು ತಿಂತಾರೆ? ಅದೇ!” ಎಂದಳು ಸವಿತಾ.

“ನೀ ನೋಡಿದ್ಯಾ?” ಎಂದಳು ಪೂರ್ವಿ.

“ನೋಡೂದೆಂತ, ಕಾಣ್ಸೂದಿಲ್ವಾ?”

“ಕಾಗೆ ಇಲ್ವಾ? ಗಿಡುಗ ಇಲ್ವಾ? ಪಕ್ಕದ ಮನೆ ಬೆಕ್ಕಿಲ್ವಾ? ಎಲ್ಲ ಬಿಟ್ಟು ಇದಕ್ಕೇ ಎಂತಕ್ಕೆ ಬೈಯೂದು? ಹೊಸಾದು ಅಂತಾ?”

ನಾನು ಸರಕಾರಿ ಮನುಷ್ಯ, ಇಂಥ ಪ್ರಶ್ನೆಗಳಿಗೆ ಉತ್ತರ ಕೊಡದೆ ವಿಲೇವಾರಿ ಮಾಡುವುದರಲ್ಲಿ ನುರಿತವನು. ತಂಗಿ ಬದುಕು ನಡೆಸಬೇಕಾದವಳು, ಮಗು ಎರಡು ದಿನ ಅತ್ತು ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿದೆ. ಎರಡನೆಯ ಶನಿವಾರ ನನಗೆ ರಜೆ, ಪೂರ್ವಿಗೆ ಬೆಳಿಗ್ಗೆ ಶಾಲೆ. ತಾರ್ಲೆಗೆ ಹೊಟ್ಟೆ ತುಂಬ ಅನ್ನ ಹಾಕಿದೆ. ಅದು ಬಾಲ ಅಲ್ಲಾಡಿಸುತ್ತ ತಾನೇ ಚೀಲದೊಳಗೆ ಹೋಯಿತು, ಇದೂ ಒಂದು ಆಟವೆಂದುಕೊಂಡು. ಸ್ಕೂಟರಿನ ಮುಂದೆ ಇಟ್ಟುಕೊಂಡು ಅಘನಾಶಿನಿ ಊರಿಗೆ ಹೋಗಿ, ಹೊಳೆ ದಾಟುವ ದೋಣಿ ಹತ್ತಿ ಆಚೆ ದಡದ ತದಡಿಯಲ್ಲಿ ಇಳಿದೆ.

ಇಳಿದಲ್ಲಿ ಒಬ್ಬ ಆಸಾಮಿ ನಿಂತಿದ್ದ. ಈಚೆ ದಡಕ್ಕೆ ಬರುವ ದೋಣಿಗೆ ಕಾಯುತ್ತಿದ್ದ. ಅವನ ಕಾಲ ಬುಡದಲ್ಲೂ ಒಂದು ಗೋಣಿಚೀಲ. ಇಬ್ಬರೂ ಮೊದಲು ಪರಸ್ಪರ ಚೀಲಗಳನ್ನು ನೋಡಿಕೊಂಡೆವು, ಆಮೇಲೆ ಮುಖ.

“ಎಂತ, ಕುಮಟೆಗಾ?” ಎಂದೆ.

“ಹಾಂ, ಹಂಗೇ ಸ್ವಲ್ಪ ಆಚೆಗೆ,” ಎಂದ. ಅವನ ಚೀಲ ಕುಂಯ್ ಎಂದಿತು. “ನಿಮ್ದೆಂತ ಸಾಮಾನು?”

“ತೆಂಗಿನಕಾಯಿ,” ಎಂದೆ. ತೆಂಗಿನಕಾಯಿ ಚೀಲದೊಳಗೆ ಎದ್ದು ನಿಂತು ಮೈ ಕೊಡವಿತು.

ಈ ಸಲ ಸೆಖೆ ಜಾಸ್ತಿ ಎಂದು ಅವನೆಂದ. ಹೌದು, ಮಳೆ ಸಾಕಾಗಲಿಲ್ಲ ಎಂದು ನಾನೆಂದೆ. ಎರಡು ದಡಗಳ ಮರ್ಯಾದಸ್ಥರು ಹೀಗೆ ಹವಾಮಾನ ವಿಚಾರಿಸಿಕೊಂಡು ಬೇರೆಯಾದೆವು. ಅಲ್ಲಿಯೇ ಚೀಲ ಅದಲುಬದಲು ಮಾಡಿಕೊಂಡಿದ್ದರೆ ಇಬ್ಬರಿಗೂ ಸುತ್ತಾಟ ಉಳಿಯುತ್ತಿತ್ತಲ್ಲ ಎಂದು ಮನೆಗೆ ಬರುವಾಗ ಯೋಚನೆ ಬಂತು. ಎಷ್ಟು ತಲೆಮಾರುಗಳಿಂದ ಹೀಗೆ ಅವರ ನಾಯಿ ನಮಗೆ, ನಮ್ಮ ನಾಯಿ ಅವರಿಗೆ ರವಾನೆಯಾಗುತ್ತಿದೆಯೋ! ನಮ್ಮೂರಿನಲ್ಲಿ ಬೊಗಳುವುದೆಲ್ಲ ಆಚೆಯೂರಿನ ನಾಯಿಗಳೇ ಇರಬೇಕು.

ಚೀಲ ಬಿಚ್ಚಿದಾಗ ತಾರ್ಲೆ ಹೊರಬಂದು ಸುತ್ತ ನೋಡಿತು, ನನ್ನನ್ನು ನೋಡಿತು. ಯಾರೂ ಹೇಳದೆಯೇ ಮುಂಗಾಲು ಜೋಡಿಸಿ ಕೂತಿತು. ಹೀಗೆ ಬಿಟ್ಟುಹೋದ ಜಾಗದಲ್ಲಿ ಕೂರಬೇಕು ಎಂಬುದನ್ನು ಅದು ಒಮ್ಮೆ ಕಲಿತಾಗಿತ್ತು. ನಾನು ಹಿಂತಿರುಗಿ ನೋಡಿದೆ. ನೋಡಬಾರದಿತ್ತು, ನೋಡಿದೆ. ಆದರೂ ದೋಣಿ ಹತ್ತಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ಪೂರ್ವಿ ಶಾಲೆಯಿಂದ ಬಂದಳು. “ತಾರ್ಲೆ ಎಲ್ಲಿ?” ಎಂದಳು. ಎಲ್ಲಿಗೋ ಹೋಯಿತು ಎಂದೆ. ಅವಳು ಅಂಗಳ ನೋಡಿದಳು, ಹಿತ್ತಿಲು ನೋಡಿದಳು, ಕೊಟ್ಟಿಗೆಯ ಮೂಲೆಗೆ ಹೋಗಿ ಬಂದಳು.

“ಮಾವ, ಗೋಣಿಚೀಲ ಎಲ್ಲಿ?”

ಮೂವತ್ತು ಅಧಿಕಾರಿಗಳ ತಪಾಸಣೆ ಎದುರಿಸಿದವನು ನಾನು, ಒಬ್ಬರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಒಂದು ಐಸ್‌ಕ್ರೀಮಿನಲ್ಲಿ ಮುಗಿಸಬಹುದಿತ್ತು. ಅವಳು ಹೋಗಿ ರಸ್ತೆಯ ಮೂಲೆಯಲ್ಲಿ, ಆ ನಾಯಿ ನಾಲ್ಕು ದಿನ ಕೂತಿದ್ದ ಜಾಗದಲ್ಲಿಯೇ, ರಸ್ತೆಗೆ ಮುಖ ಮಾಡಿ ಕೂತಳು. ಭಾನುವಾರವೂ ಕೂತಳು. ಸೋಮವಾರ, ಮಂಗಳವಾರ ಶಾಲೆ ಬಿಟ್ಟ ಮೇಲೆ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಅಲ್ಲಿಯೇ ಕೂತಳು. ಊರವರೆಲ್ಲ ಹಾದುಹೋಗುತ್ತಾರೆ, ಎಲ್ಲರೂ ಕೇಳುತ್ತಾರೆ. ಅವಳು ಎಲ್ಲರಿಗೂ ಗಟ್ಟಿಯಾಗಿ ಒಂದೇ ಉತ್ತರ: “ಮಾವ ನಾಯಿನ ಹೊಳೆ ದಾಟ್ಸಿ ಬಂದ.” ನನ್ನ ಮರ್ಯಾದೆ ಮೂರು ಕಾಸಿಗೆ ಇಳಿಯಿತು.

ನಾನೇ ಹೋಗಿ ಕೇಳಿದೆ. “ಮಗಾ, ಎಂತಕ್ಕೆ ಇಲ್ಲಿ ಕೂತದ್ದು? ಅದು ಬರೂದಿಲ್ಲ. ನೀನೇ ಹೇಳಿದ್ದೆ ಅಲ್ವಾ, ಎಷ್ಟ್ ದಿನ ಕೂತ್ರೂ ಅಷ್ಟೇ ಅಂತ?”

“ಅದು ಕಾರಿನವ್ರಿಗೆ ಹೇಳಿದ್ದು,” ಎಂದಳು. “ತಾರ್ಲೆ ಬಂದ್ರೆ ಮೊದ್ಲು ಇಲ್ಲೇ ಬಂದ್ ನೋಡ್ತದೆ. ಬಂದಾಗ ಒಬ್ರಾದ್ರೂ ಇರ್ಬೇಕಲ?”

ನಾನು ಮನೆಗೆ ಬಂದೆ.

ಬುಧವಾರ ತಾರ್ಲೆ ಬಂತು! ಮೈತುಂಬ ಕೆಸರು, ಒಂದು ಕಾಲು ಕುಂಟು, ಆದರೆ ಬಂತು. ದೋಣಿಯವನು ಆಮೇಲೆ ಹೇಳಿದ. ಮೂರು ದಿನ ತದಡಿಯಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಸುತ್ತಾಡಿಕೊಂಡಿತ್ತಂತೆ. ಆಮೇಲೆ ಜನರ ಸಂಗಡ ಸರದಿಯಲ್ಲಿ ನಿಂತು, ಎಲ್ಲರಂತೆ ದೋಣಿ ಹತ್ತಿ, ಮುಂದಿನ ತುದಿಯಲ್ಲಿ ಗಾಳಿಗೆ ಮುಖ ಕೊಟ್ಟು ಕೂತು, ಈಚೆ ದಡದಲ್ಲಿ ಇಳಿದು ಹೋಯಿತಂತೆ. ನಮ್ಮ ಶಾಸ್ತ್ರ ಊರ ನಾಯಿಗಳಿಗಾಗಿ ಹೇಳಿದ್ದು, ಅವು ದೋಣಿ ಕಂಡರೆ ಹೆದರುತ್ತವೆ. ಕಾರಿನಲ್ಲಿ ಓಡಾಡಿ ಬೆಳೆದ ನಾಯಿಗೆ ವಾಹನ ಹತ್ತಿದರೆ ಎಲ್ಲಿಗಾದರೂ ಹೋಗಬಹುದು ಎಂಬ ಜ್ಞಾನ ಇರುತ್ತದೆ ಎಂದು ನಮ್ಮ ಅಜ್ಜಂದಿರಿಗೆ ಹೇಗೆ ಹೊಳೆಯಬೇಕು? ಮೂಲೆಯಲ್ಲಿ ಪೂರ್ವಿ ಇದ್ದಳು. ಏನಾಯಿತೆಂದು ನಾನು ನೋಡಲಿಲ್ಲ. ಚಾ ಅಂಗಡಿಯವರು ನೋಡಿದರು. ಆ ನಾಲ್ಕು ಜನರಲ್ಲಿ ಇಬ್ಬರು ಕಣ್ಣೊರೆಸಿಕೊಂಡದ್ದನ್ನು ಇನ್ನಿಬ್ಬರು ಈಗಲೂ ಆಡಿಕೊಳ್ಳುತ್ತಾರೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಸವಿತಾ ಕರಗಲಿಲ್ಲ. ಅವಳನ್ನು ಬೈಯಬೇಡಿ. ಗಂಡ ಕಡಲಿನಲ್ಲಿ, ಮನೆ ನಡೆಯುವುದು ಆ ಅಂಗಳದ ಮೀನಿನಿಂದ. “ಹೊಳೆ ದಾಟ್ಸಿದ್ರೆ ಆಗೂದಿಲ್ಲ ಹೇಳಾದ್ರೆ ಘಟ್ಟ ಹತ್ಸೂದು,” ಎಂದಳು. ಮೀನಿನ ಟೆಂಪೋ ಸೋಮವಾರ ಬೆಳಿಗ್ಗೆ ಶಿರಸಿಗೆ ಹೋಗುತ್ತದೆ. ಡ್ರೈವರಿಗೆ ಹೇಳಿಯೂ ಆಯಿತು, ಅವನ ಬಾಯಿಂದ ಊರಿಗೂ ಗೊತ್ತಾಯಿತು. ಘಟ್ಟದ ಮೇಲಿನಿಂದ ಯಾವ ದೋಣಿಯೂ ಬರುವುದಿಲ್ಲ. ಈ ಮಾತು ನಡೆಯುವಾಗ ಪೂರ್ವಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ಬೇಡ ಎಂದು ನಾನು ಹೇಳಬಹುದಿತ್ತು. ನಾನು ಪೇಪರು ಓದುತ್ತಿರುವವನಂತೆ ಕೂತೆ.

ಭಾನುವಾರ ಬೆಳಿಗ್ಗೆ ನಮ್ಮ ಕಡಲ ದಂಡೆಯಲ್ಲಿ ರಂಪಣಿ ಹಾಕಿದರು. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯವರು ಅದನ್ನು ಕಡಲಿನಲ್ಲಿ ಬಿಲ್ಲಿನಾಕಾರಕ್ಕೆ ಬಿಟ್ಟು ಬರುತ್ತಾರೆ, ಅದರ ಎರಡು ಹಗ್ಗಗಳನ್ನು ದಂಡೆಯ ಮೇಲೆ ನಿಂತವರು ಎಳೆಯಬೇಕು. ಮೀನು ಬಂದ ಮೇಲೆ ಮರಳಿನ ಮೇಲೆ ಪಾಲು ಹಾಕುತ್ತಾರೆ. ದೋಣಿಗೆ ಪಾಲು, ಬಲೆಗೆ ಪಾಲು, ದೇವರಿಗೆ ಪಾಲು. ಹಗ್ಗ ಎಳೆದವರಿಗೆ ಒಂದೊಂದು ಪಾಲು, ಮಕ್ಕಳಿಗೆ ಅರ್ಧ. ಹಗ್ಗ ಹಿಡಿದವನ ಊರು, ಹೆಸರು, ಕುಲ ಕೇಳುವ ಪದ್ಧತಿ ಇಲ್ಲ. ಹಿಂದೊಮ್ಮೆ ಬೀಚು ನೋಡಲು ಬಂದಿದ್ದ ಚಡ್ಡಿಯ ಪ್ರವಾಸಿಯೊಬ್ಬ ತಮಾಷೆಗೆಂದು ಹಗ್ಗ ಎಳೆದಿದ್ದ. ಅವನಿಗೂ ಪಾಲು ಕೊಟ್ಟಾಗ ಅವನು ಆ ಮೀನನ್ನು ಹಿಡಿದುಕೊಂಡು ಕಂಗಾಲಾಗಿ ನಿಂತದ್ದು ನನಗೆ ನೆನಪಿದೆ. ಯಾರಿಗಾದರೂ ಅನುಮಾನ ಬಂದರೆ ಬಲೆಯ ಯಜಮಾನ, ನಾವು ತಾಂಡೇಲ ಎನ್ನುತ್ತೇವೆ, ‘ಅಂಗೈ ತೋರ್ಸು’ ಎನ್ನುತ್ತಾನೆ. ಅಂಗೈಯಲ್ಲಿ ಹಗ್ಗದ ಗುರುತು ಇದ್ದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನನಗೆ ಎಂಟು ವರ್ಷವಾದಾಗ ಮೊದಲ ಅರ್ಧ ಪಾಲು ಸಿಕ್ಕಿತ್ತು. ಕೆಂಪಾದ ಅಂಗೈಯನ್ನು ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದೆ.

ಆ ದಿನ ನಾನು ಪ್ಯಾಂಟಿನ ಜೇಬಿನಲ್ಲಿ ಕೈ ಹಾಕಿಕೊಂಡು ನೋಡುತ್ತ ನಿಂತಿದ್ದೆ. ಸವಿತಾ ಬುಟ್ಟಿ ಹಿಡಿದು ಹೆಂಗಸರ ಗುಂಪಿನಲ್ಲಿದ್ದಳು. ಪೂರ್ವಿ ಬಂದಳು, ಜತೆಗೆ ತಾರ್ಲೆ. ಉತ್ತರದ ಹಗ್ಗದ ಕಟ್ಟಕಡೆಯಲ್ಲಿ ಹೋಗಿ ನಿಂತು ಅವಳು ಹಗ್ಗ ಹಿಡಿದಳು, ಬಾಲವಾಗಿ ಉಳಿದಿದ್ದ ತುದಿಯನ್ನು ತಾರ್ಲೆಯ ಬಾಯಿಗೆ ಕೊಟ್ಟಳು. ಅದು ಹಲ್ಲು ಊರಿತು. ಹಿಂಗಾಲು ಮರಳಿಗೆ ಹೂತು ಜಗ್ಗತೊಡಗಿತು. ಜನ ನಕ್ಕರು. ಕಾಲು ಗಂಟೆಗೆ ಬಿಟ್ಟೀತು ಎಂದರು. ಒಂದು ತಾಸು ಕಳೆಯಿತು. ಹಗ್ಗ ಬಂದಂತೆಲ್ಲ ತಾರ್ಲೆ ಹಿಂದೆ ಸರಿಯುತ್ತಿತ್ತು, ಬಾಯಿ ಬಿಡಲಿಲ್ಲ. ನಡುವೆ ಬೀಡಿ ಹಚ್ಚಲು ಹೋದವರಿದ್ದರು, ಫೋನಿನಲ್ಲಿ ಮಾತಾಡಲು ಹೋದವರಿದ್ದರು. ಇವರಿಬ್ಬರು ಹೋಗಲಿಲ್ಲ.

ಬಲೆ ದಂಡೆಗೆ ಬಂತು. ತಾಂಡೇಲ ಹೊನ್ನಪ್ಪಜ್ಜ ಪಾಲು ಹಾಕಿದ. ಪೂರ್ವಿಯ ಎದುರು ಅರ್ಧ ಪಾಲು ಬಿತ್ತು. ಅವಳು ಅದನ್ನು ಎತ್ತಲಿಲ್ಲ. ತನ್ನ ದುಪಟ್ಟಾವನ್ನು ಪಕ್ಕದಲ್ಲಿ ಹಾಸಿದಳು.

“ಹೊನ್ನಪ್ಪಜ್ಜ, ಇನ್ನೊಂದು.”

“ಎಂತದ್ದು ಇನ್ನೊಂದು?”

“ತಾರ್ಲೆದು. ಅದೂ ಎಳ್ದದೆ.”

ದಂಡೆಗೆ ದಂಡೆಯೇ ನಕ್ಕಿತು. ಅಜ್ಜನೂ ನಗುತ್ತ ನಾಲ್ಕು ಮೀನು ಎತ್ತಿ ನಾಯಿಯ ಮುಂದೆ ಎಸೆದ. ಪೂರ್ವಿ ಆ ನಾಲ್ಕನ್ನೂ ಹೆಕ್ಕಿ ವಾಪಸು ರಾಶಿಗೆ ಹಾಕಿದಳು. ನಗು ಅಲ್ಲಿಗೆ ನಿಂತಿತು.

“ಎಸ್ದದ್ದು ಬೇಡ. ಪಾಲು ಬೇಕು. ಹಗ್ಗ ಹಿಡ್ದವ್ರಿಗೆ ಪಾಲು ಹೇಳಿ ನೀವೇ ಹೇಳೂದಲ್ವಾ?”

“ಅದು ಆಟ ಆಡೂದು ಮಾರಾಯ್ತಿ, ಎಳೆಯೂದಲ್ಲ,” ಎಂದು ಯಾರೋ ಅಂದರು.

“ಬೀಡಿ ಸೇದುಕೆ ಹೋದವ್ರಿಗೆ ಪೂರ್ತಿ ಪಾಲು ಬಿದ್ದದೆ. ಅದು ಎಂತ ಆಟ?” ಎಂದಳು. ಬೀಡಿಯವರು ಕಡಲಿನ ಕಡೆ ಮುಖ ತಿರುಗಿಸಿದರು.

ಹೊನ್ನಪ್ಪಜ್ಜ ಸೊಂಟಕ್ಕೆ ಕೈ ಕೊಟ್ಟು ನಿಂತ. “ಹಂಗಾದ್ರೆ ಅಂಗೈ ತೋರ್ಸು ಹೇಳು ನೋಡ್ವ, ನಿನ್ನ ನಾಯಿಗೆ.”

ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಪೂರ್ವಿ ಮೊಣಕಾಲೂರಿ ಕೂತು, ತಾರ್ಲೆಯ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿದಳು.

“ಅದಕ್ಕೆ ಅಂಗೈ ಇಲ್ಲ. ಬಾಯಿ ನೋಡಿ.”

ಹಲ್ಲುಗಳ ಸಂದಿಯಲ್ಲೆಲ್ಲ ಹಗ್ಗದ ನೂಲು ಸಿಕ್ಕಿಕೊಂಡಿತ್ತು. ಒಸಡಿನಲ್ಲಿ ರಕ್ತ. ಅಜ್ಜ ಬಗ್ಗಿ ನೋಡಿದ, ತುಸು ಹೊತ್ತು ನೋಡಿದ. ಒಂದು ನೂಲನ್ನು ಮೆಲ್ಲಗೆ ಎಳೆದು ತೆಗೆದ. ನಾನು ಜೇಬಿನಿಂದ ಕೈ ತೆಗೆದೆ, ಯಾಕೋ ನನ್ನ ಅಂಗೈಯನ್ನು ನೋಡಿಕೊಂಡೆ. ಪೆನ್ನು ಹಿಡಿದ ಬೆರಳಿನಲ್ಲಿ ಒಂದು ಸಣ್ಣ ಗಂಟು ಬಿಟ್ಟರೆ ನುಣ್ಣಗಿತ್ತು.

ಅಜ್ಜ ರಾಶಿಯಿಂದ ಎರಡೂ ಕೈಯಲ್ಲಿ ಮೀನು ಎತ್ತಿ ದುಪಟ್ಟಾದ ಮೇಲೆ ಸುರಿದ. ಮತ್ತೊಮ್ಮೆ ಸುರಿದ. ಅರ್ಧವಲ್ಲ, ಪೂರ್ತಿ ಪಾಲು. ಆಮೇಲೆ ಹೆಂಗಸರ ಗುಂಪಿನ ಕಡೆ ತಿರುಗಿ, “ಸವಿತಾ, ಇದು ಇನ್ನ್ ಮೇಲೆ ಬಲೆಯ ಆಳು. ಘಟ್ಟ ಗಿಟ್ಟ ಹತ್ಸೂದಾದ್ರೆ ಬಲೆ ಹತ್ರ ಕೇಳ್ಬೇಕು. ಆತಾ?” ಎಂದ.

ಇಡೀ ದಂಡೆ ತನ್ನ ಮುಖ ನೋಡುತ್ತಿರುವಾಗ ಸವಿತಾ ಏನು ಹೇಳಬೇಕು? “ಆತು” ಎಂದಳು. ಟೆಂಪೋ ಸೋಮವಾರ ನಾಯಿಯಿಲ್ಲದೆ ಘಟ್ಟ ಹತ್ತಿತು.

ಇದನ್ನು ಕೇಳಿದ ನನ್ನ ಸಹೋದ್ಯೋಗಿಗಳು, ಮಕ್ಕಳ ಹಟಕ್ಕೆ ಹೀಗೆ ಸೊಪ್ಪು ಹಾಕಬಾರದು, ನಾಳೆ ತಲೆಯ ಮೇಲೆ ಕೂರುತ್ತಾರೆ ಎಂದು ಬುದ್ಧಿ ಹೇಳಿದರು. ಕೂರಲಿ. ನನ್ನ ತಲೆಯ ಮೇಲೆ ಇದುವರೆಗೆ ಕೂತ ಮೇಲಧಿಕಾರಿಗಳಿಗಿಂತ ಕಡೆಯೇನಲ್ಲ ಅವಳು.

ಆ ಭಾನುವಾರ ಮಧ್ಯಾಹ್ನ ನಾನು ಎಂದಿನಂತೆ ಊಟಕ್ಕೆ ಕೂತೆ. ಸವಿತಾ ಬಿಸಿ ಅನ್ನ ಬಡಿಸಿ, ಬಂಗಡೆಯ ಸಾರು ಹಾಕಿದಳು, ಹುರಿದ ಎರಡು ತುಂಡು ಇಟ್ಟಳು. ಕೈ ಹಾಕಬೇಕು ಎನ್ನುವಷ್ಟರಲ್ಲಿ ಪೂರ್ವಿ, ಎಂಟು ದಿನಗಳ ಮೇಲೆ ಮೊದಲ ಸಲ, ತಾನಾಗಿ ನನ್ನ ಜತೆ ಮಾತಾಡಿದಳು.

“ಮಾವ, ನನ್ನ ಅರ್ಧ ಪಾಲು ಅಮ್ಮ ಒಣಗ್ಸುಕೆ ಹಾಕಿದ್ಲು. ಇದು ತಾರ್ಲೆದು. ಕೇಳ್ಕಂಡು ತಿನ್ನು.”

ಸವಿತಾ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಪೂರ್ವಿ ನಗಲಿಲ್ಲ. ತಾರ್ಲೆ ಹೊಸಿಲಿನ ಆಚೆ, ಮುಂಗಾಲು ಜೋಡಿಸಿ, ನನ್ನ ಮುಖವನ್ನೇ ನೋಡುತ್ತ ಕೂತಿತ್ತು. ನಲವತ್ತೇಳು ವರ್ಷದ, ಖಾಯಂ ನೌಕರಿಯ, ಊರಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ಮನುಷ್ಯ ನಾನು. ಬಟ್ಟಲಿನಿಂದ ಕೈ ಹಿಂದೆ ತೆಗೆದು, ಅದರ ಕಡೆ ತಿರುಗಿ ಕೇಳಿದೆ: “ತಿನ್ಲಾ?”

ಅದು ಕೂಡಲೇ ಒಪ್ಪಲಿಲ್ಲ.